ಪಕ್ಕದ ಮನೆಯ ಗೋಡೆ

ಮುಳಬಾಗಿಲಿನ ಹಳೇಪೇಟೆ ಬೀದೀಲಿ ಮೊದಲ ಮನೆಯೊಂದು ಬಿಟ್ಟರೆ ಮಿಕ್ಕವರಿಗೆಲ್ಲ ಸ್ವಂತದ್ದು ಅಂತ ಇರೋದು ಒಂದೇ ಗೋಡೆ. ಮೂಡಲ ಕಡೆಯದು ನಿಮ್ಮದು, ಪಡುವಲ ಕಡೆಯದು ಪಕ್ಕದವರದು. ಅವರ ಗೋಡೆ ಮೇಲೇ ನಿಮ್ಮ ತೊಲೆ ಊರಬೇಕು. ಮಣ್ಣು ಸುಣ್ಣ ಕಲಸಿ ಎಬ್ಬಿಸಿದ ಎರಡು ಮೊಳ ದಪ್ಪದ ಗೋಡೆಗಳು. ಹಿಂದಿನವರಿಗೇನು ಮಣ್ಣಿಗೆ ಬರವಿತ್ತಾ? ಒಬ್ಬರನ್ನೊಬ್ಬರು ಬಿಟ್ಟು ಬದುಕಬಾರದು ಅಂತ ಹಂಗೆ ಕಟ್ಟಿದರು, ಪಾಪ. ಗೋಡೆ ಕೆಡವೋನು ಮೊದಲು ಪಕ್ಕದವರ ತೊಲೆಗೆ ಬೇರೆ ಗೋಡೆ ಕಟ್ಟಿಕೊಟ್ಟು ಆಮೇಲೆ ಹಾರೆ ಎತ್ತಬೇಕು ಅನ್ನೋದು ಬೀದಿಯ ಕಟ್ಟಳೆ. ಅದು ಯಾವ ಪತ್ರದಲ್ಲೂ ಇರಲಿಲ್ಲ, ಜನರ ಬಾಯಲ್ಲಿತ್ತು.

ಆದಿಲಕ್ಷ್ಮಮ್ಮನ ಪಡುವಲ ಪಕ್ಕದ ಮನೆ ಕೋದಂಡರಾಮಪ್ಪನದು. ಅವನು ಹಳೇದು ಕೆಡವಿ ನಾಲ್ಕಂತಸ್ತು ಎಬ್ಬಿಸ್ತಾನಂತೆ ಅಂತ ಕೇಳಿದ್ದೇ ಆಕೆ ಅವನ ಮನೆ ಮುಂದೆ ಹೋಗಿ ನಿಂತಳು. ಆ ಗೋಡೆ ಹೋದರೆ ತನ್ನ ಹಜಾರ, ಅಡುಗೆಮನೆ, ದೇವರಗೂಡು ಎಲ್ಲಾ ಬೀದಿಪಾಲು.

"ಕೋದಂಡಣ್ಣ, ಮೊದಲು ನನ್ನ ತೊಲೆಗೊಂದು ಗೋಡೆ ಎಬ್ಬಿಸಿಕೊಟ್ಟು ಆಮೇಲೆ ಕೆಡವಪ್ಪ. ಹಿಂದಿನಿಂದ ಬಂದಿರೋ ಪದ್ಧತಿ ಅಲ್ವಾ?"

ಅವನು ಜಗಲಿ ಮೇಲೆ ಕೂತು ಹಲ್ಲುಕಡ್ಡಿ ಆಡಿಸ್ತಾ ನಕ್ಕ. "ಪದ್ಧತಿನಾ ತಾಯಿ? ಹಂಗಂದ್ರೇನು? ಹೋಗಿ ಚಿಕ್ಕಗಂಗಮ್ಮನ್ನ ಕೇಳು, ಅವಳಿಗೆ ಗೊತ್ತಿರ್ತದೆ."

ಆ ಮಾತು ಸುಮ್ಮನೆ ಆಡಿದ್ದಲ್ಲ. ಆರೇಳು ವರ್ಷದ ಹಿಂದೆ ಮಗ ಅಮರನಾಥ ಕಾರು ತಂದಾಗ ಆದಿಲಕ್ಷ್ಮಮ್ಮನೇ ತನ್ನ ಮೂಡಲ ಗೋಡೆ ಉರುಳಿಸಿದ್ದಳು. ದಪ್ಪ ಗೋಡೆ ತೆಗೆದು, ಒಳಗೆ ಸರಿಸಿ ತೆಳ್ಳಗೆ ಇಟ್ಟಿಗೆ ಗೋಡೆ ಕಟ್ಟಿಸಿದರೆ ಕಾರಿಗೆ ಜಾಗ ಆಗ್ತದಲ್ಲ! ಆ ಗೋಡೆಗೆ ಆತುಕೊಂಡಿದ್ದುದು ಗಂಡ ಸತ್ತ ಚಿಕ್ಕಗಂಗಮ್ಮನ ಮನೆ. "ಅಕ್ಕಯ್ಯ, ಮಳೆಗಾಲ ಕಳೆದುಬಿಡ್ಲಿ" ಅಂತ ಅವಳು ಬಂದು ಸೆರಗೊಡ್ಡಿದಳು. "ಗೋಡೆ ನಂದು ಕಣೇ, ಬೇಕಾದ್ರೆ ಪತ್ರ ನೋಡ್ಕೋ" ಅಂದುಬಿಟ್ಟಿದ್ದಳು ಆದಿಲಕ್ಷ್ಮಮ್ಮ. ಬೀದಿಯೆಲ್ಲ ಕೇಳಿಸಿಕೊಂಡಿತ್ತು, ಕೋದಂಡರಾಮಪ್ಪನೂ ಕೇಳಿಸಿಕೊಂಡಿದ್ದ.

ಈಗ ಬೀದಿಯ ಹಿರಿಯ ದೊಡ್ಡವೆಂಕಟಪ್ಪನ ಹತ್ರ ಓಡಿದಳು. ಅವನು ತಲೆಯೆತ್ತಲಿಲ್ಲ. "ಕಟ್ಟಳೆ ಮುರಿದಿದ್ದು ನೀನೇ ಅಲ್ವೇನಮ್ಮಾ? ಒಬ್ಬರು ಮುರಿದ ಮೇಲೆ ಎಲ್ಲರಿಗೂ ಮುರಿದಂಗೇ. ಮಾಡಿದ್ದುಣ್ಣೋ ಮಹರಾಯ." ಮುದುಕನಿಗೆ ಒಳಗೊಳಗೇ ಖುಷಿ ಅಂತ ಆಕೆಗೆ ಅನ್ನಿಸಿ ಮೈಯೆಲ್ಲ ಉರಿಯಿತು. ಖುಷಿ ಇದ್ದರೂ ಇರಬಹುದು. ನಾಳೆ ಅವನ ಗೋಡೆಯ ಸರದಿಯೂ ಬರ್ತದೆ, ಆಗ ನಗಲಿ.

ಶುಕ್ರವಾರ ಬೆಳಿಗ್ಗೆ ಜೇಸಿಬಿ ಬಂತು. ಅಮರನಾಥ ತೊಲೆಗಳಿಗೆ ನೀಲಗಿರಿ ಕಂಬ ಕೊಟ್ಟು ನಿಲ್ಲಿಸಿದ್ದರಿಂದ ಸೂರು ಉಳೀತು, ಗೋಡೆ ಹೋಯ್ತು. ಅತ್ತೆಯ ಕಾಲದಿಂದ ದೀಪ ಹಚ್ಚಿ ಕರ್ರಗಾಗಿದ್ದ ದೇವರಗೂಡು ಮಣ್ಣಿನ ಜೊತೆಗೇ ಟಿಪ್ಪರ್ ಸೇರಿತು. ಧೂಳು ಇಳಿಯೋ ಹೊತ್ತಿಗೆ ದಾರೀಲಿ ಹೋಗೋರೆಲ್ಲ ಆಕೆಯ ಅಡುಗೆಮನೆ ನೋಡ್ಕೊಂಡು ಹೋಗ್ತಿದ್ದರು. ಒಲೆ ಮೇಲೆ ಮುದ್ದೆಗಿಟ್ಟ ಎಸರು ಕುದೀತಾನೇ ಇತ್ತು. ಸೆರಗು ಎಳೆದೆಳೆದು ಹೊದ್ದರೂ ಮೈಮೇಲೆ ಸೀರೆಯೇ ಇಲ್ಲವೇನೋ ಅನ್ನೋ ಹಂಗೆ ನಾಚಿಕೆಯಾಯ್ತು ಆಕೆಗೆ.

ಆಗ ಚಿಕ್ಕಗಂಗಮ್ಮ ಬಂದಳು. ಕಂಕುಳಲ್ಲಿ ಮಡಿಸಿದ ನೀಲಿ ಟಾರ್ಪಾಲು. ಆದಿಲಕ್ಷ್ಮಮ್ಮನಿಗೆ ಕಂಡಕೂಡಲೇ ಗುರುತು ಸಿಕ್ಕಿತು. ಚಿಕ್ಕಗಂಗಮ್ಮ ಕೂಲಿನಾಲಿ ಮಾಡಿ ಹೊಸ ಗೋಡೆ ಎಬ್ಬಿಸೋವರೆಗೂ ಎರಡು ಮಳೆಗಾಲ ತನ್ನ ಕಾರಿನ ಪಕ್ಕದಲ್ಲೇ ಪಟಪಟ ಬಡ್ಕೊಳ್ತಿದ್ದುದು ಇದೇ. ಸದ್ದಿಗೆ ನಿದ್ದೆ ಬರಲ್ಲ ಅಂತ ತಾನು ಬೈದೂ ಇದ್ದಳು.

"ತಗೋ ಅಕ್ಕಯ್ಯ. ಕೆಳಗಡೆ ಕಲ್ಲು ಹೇರು, ಇಲ್ದಿದ್ರೆ ಗಾಳಿಗೆ ನಿಲ್ಲಲ್ಲ. ನಂಗ್ಯಾರೂ ಹೇಳಿರ್ಲಿಲ್ಲ."

ಅಷ್ಟೇ ಹೇಳಿ ಅವಳು ಹೊರಟುಹೋದಳು. ಆದಿಲಕ್ಷ್ಮಮ್ಮ ಟಾರ್ಪಾಲು ಬಿಚ್ಚಿ ನೋಡಿದಳು. ಒಂದು ತೂತಿಲ್ಲ, ಒಂದು ಕಲೆಯಿಲ್ಲ. ತೊಳೆದು, ಒಣಗಿಸಿ, ಇದೇ ದಿನಕ್ಕೇಂತ ಜೋಪಾನ ಮಾಡಿಟ್ಟಿದ್ದಳು, ಪುಣ್ಯಾತಗಿತ್ತಿ.