ವರದಿಯಿಂದ ಬಿಟ್ಟುಹೋದ ಐದು ಕರುಗಳು

ಕ್ವೀನ್ಸ್‌ಲ್ಯಾಂಡಿನ ಒಳನಾಡಿನ ಸಂಶೋಧನಾ ಕೇಂದ್ರದಲ್ಲಿ ಉಣ್ಣಿ ಜ್ವರದ ಲಸಿಕೆಗಾಗಿ ನಾನು ಆರು ವರ್ಷ ದುಡಿದಿದ್ದೆ. ಕೊನೆಗೆ ಇಪ್ಪತ್ತು ಕರುಗಳಿಗೆ ಲಸಿಕೆ ಹಾಕಿ, ಎಂಟು ವಾರ ಬಿಟ್ಟು, ಲಸಿಕೆ ತಡೆಯುತ್ತದೆಯೇ ಎಂದು ನೋಡಲು ರೋಗಾಣು ತುಂಬಿದ ರಕ್ತ ಚುಚ್ಚಿದೆವು. ಹದಿನೈದು ಕರುಗಳು ಮೇವು ಬಿಡಲಿಲ್ಲ. ಐದು ಸತ್ತವು. ಕೊನೆಯದು ಕಾಫಿ ಬಣ್ಣದ ಮೂತ್ರ ಸುರಿಸುತ್ತಾ ಪ್ರಾಣ ಬಿಡುವಾಗ ಅದರ ತಲೆ ಹಿಡಿದು ಕೂತಿದ್ದವನು ದನ ನೋಡಿಕೊಳ್ಳುವ ಮರ್ವಿನ್.

ಮುಖ್ಯಸ್ಥ ಲಾಕ್ಲನ್ ಥಾರ್ನ್ ನನ್ನ ವರದಿ ತಿರುವಿಹಾಕಿದ.

"ಈ ಐದನ್ನ ತೆಗೆದುಬಿಡು, ಗ್ಲೆನಿಸ್. ಮೊದಲೇ ಸೊರಗಿದ್ವು ಅಂತ ಬರಿ."

"ಯಾರು ಹೇಳಿದ್ದು? ಮರ್ವಿನ್ ದಿನಾ ಜ್ವರ ನೋಡಿದಾನೆ. ಎಲ್ಲಾ ಗಟ್ಟಿಮುಟ್ಟಾಗಿದ್ವು."

"ಅವನು ದನ ಕಾಯೋನು. ವಿಜ್ಞಾನಿ ಅಲ್ಲ."

ನಾನು ವರದಿ ಕಸಿದುಕೊಂಡೆ. "ಸತ್ತ ಕರು ಯಾವುದು, ಬದುಕಿರೋದು ಯಾವುದು ಅಂತ ದನ ಕಾಯೋನಿಗೂ ಗೊತ್ತಾಗತ್ತೆ. ನಿಂಗೆ ಅಷ್ಟೂ ಗೊತ್ತಾಗಲ್ವಲ್ಲ!"

ಮರುವಾರ ಊರಿನ ಸಭಾಂಗಣದಲ್ಲಿ ದನ ಸಾಕುವವರೆಲ್ಲ ಸೇರಿದ್ದರು. ಹದಿನೈದಕ್ಕೆ ಹದಿನೈದೂ ಬದುಕಿವೆ ಎಂದು ಥಾರ್ನ್ ಘೋಷಿಸಿದ. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತೆ.

"ಇಪ್ಪತ್ತಿದ್ವು. ಐದು ಸತ್ವು."

ಆ ಜನರ ಸಿಟ್ಟು ತಿರುಗಿದ್ದು ನನ್ನ ಮೇಲೆ. ಮುಂದಿನ ಸಾಲಿನಿಂದ ನೋರೀನ್ ಬೆಕೆಟ್ ಗುಡುಗಿದಳು: "ಹೋದ ಬೇಸಿಗೇಲಿ ನಲವತ್ತು ದನ ಹೂತಿದೀನಿ ಕಣೇ! ಬರೋ ಒಂದು ಲಸಿಕೆಗೂ ಕಲ್ಲು ಹಾಕ್ತೀಯಾ?"

"ನಾಲ್ಕಕ್ಕೊಂದು ಸಾಯತ್ತೆ ಅಂತ ಗೊತ್ತಿದ್ದೂ ನಿಮ್ಮ ಮಂದೆಗೆ ಚುಚ್ಚಿಸ್ಲಾ?" ನಾನೂ ದನಿಯೇರಿಸಿದೆ.

ಅವಳು ಥಾರ್ನ್ ಕಡೆ ತಿರುಗಿದಳು. "ಏನಯ್ಯಾ, ಇವಳು ಹೇಳ್ತಿರೋದು ನಿಜಾನಾ?"

ಅವನು ನೀರು ಕುಡಿದ. ಹಿಂದಿನ ಬಾಗಿಲ ಬಳಿಯಿಂದ ಮರ್ವಿನ್ ಕೂಗಿದ: "ಐದನ್ನೂ ಗುಂಡಿಗೆ ಎಳೆದೋನು ನಾನು. ಬೇಕಾದ್ರೆ ಈಗ್ಲೇ ಅಗೆದು ತೋರಿಸ್ತೀನಿ, ಬರ್ರಿ!"

ವಿಚಾರಣೆ ನಡೆಯಿತು. ಸತ್ತ ಐದಕ್ಕೂ ಒಂದೇ ಪೆಟ್ಟಿಗೆಯ ಲಸಿಕೆ ಹಾಕಲಾಗಿತ್ತು. ಸಾಗಿಸುವಾಗ ಪೆಟ್ಟಿಗೆ ಬಿಸಿಲಿಗೆ ಕಾದು ಲಸಿಕೆ ಕೆಟ್ಟಿತ್ತು. ಕರುಗಳು ಸತ್ತದ್ದನ್ನು ಮುಚ್ಚಿಟ್ಟಿದ್ದರೆ ಆ ತಪ್ಪು ಊರೂರಿಗೆ ಹಬ್ಬುತ್ತಿತ್ತು. ಆದರೂ ಕೇಂದ್ರದ ಮಾನ ಕಳೆದೆನೆಂದು ನನ್ನ ಕೆಲಸ ಹೋಯಿತು. ಥಾರ್ನ್‌ಗೆ ಬ್ರಿಸ್ಬೇನಿನಲ್ಲಿ ಇನ್ನೂ ದೊಡ್ಡ ಕುರ್ಚಿ ಸಿಕ್ಕಿತು.

ಕೇಂದ್ರದಲ್ಲಿ ಬಿಸಿಗೆ ಕೆಡದ ಲಸಿಕೆ ತಯಾರಾಗಲು ಮತ್ತೆರಡು ವರ್ಷ ಹಿಡಿಯಿತು. ಅದನ್ನು ಮೊದಲು ಹಾಕಿಸಿದ್ದು ನೋರೀನಳ ಮಂದೆಗೆ. ಬೇಸಿಗೆ ಕಳೆದ ಮೇಲೆ ಅವಳೇ ಫೋನ್ ಮಾಡಿದಳು: "ಒಂದೂ ಬಿದ್ದಿಲ್ಲ ಕಣೇ. ಅವತ್ತು ನಿನ್ನ ಮೇಲೆ ಹಾರಾಡಿದ್ದು ನನ್ನ ತಪ್ಪು." ನಾನು ಕೆಲಸಕ್ಕೆ ಸೇರಿದ್ದ ನಾಯಿ ಆಸ್ಪತ್ರೆಯ ಹಿಂದೆ ನಿಂತು ಅತ್ತೆ.

ಅದೇ ವಾರ ಪತ್ರಿಕೆಯಲ್ಲಿ ಥಾರ್ನ್‌ನ ಚಿತ್ರ ಬಂತು. 'ನಮ್ಮ ಕಟ್ಟುನಿಟ್ಟಿನ ಪರೀಕ್ಷೆಗೆ ಸಂದ ಜಯ' ಎಂದಿದ್ದ. ಆ ಪುಟವನ್ನು ಹರಿದು ನಾಯಿಗಳ ಬೋನಿಗೆ ಹಾಸಿದೆ.