ತಗ್ಗು ಬಯಲಿನ ಎರಡನೇ ಕೋಟ್

ಬೇಸಿಗೆ ಮುಗಿಯುತ್ತ ಬಂದಿತ್ತು, ಮಧ್ಯಾಹ್ನ ನಾಲ್ಕರ ಹೊತ್ತು. ಬಿಸಿಲು ತಡೆಯಲೆಂದು ನಕ್ಷೆ ಕೋಣೆಯ ಕಿಟಕಿಗೆ ರದ್ದಾದ ನಕ್ಷೆಗಳನ್ನೇ ಅಂಟಿಸಿದ್ದೆವು. ಕಡು ಹಸಿರು ಬಣ್ಣ ಮುಗಿಯುತ್ತ ಬಂದು ಸೀಸೆಯ ತಳ ಕಂಡದ್ದು ಆವಾಗಲೇ.

ನಾನು ಊರಿನ ಯೋಜನಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಇದ್ದೆ. ಓದಿದ್ದು ಮೂರನೇ ಕ್ಲಾಸು. ಮೊದಲು ಅಳತೆ ಸರಪಳಿ ಎಳೆಯುವವನಾಗಿ ಸೇರಿ, ಹಳ್ಳ ಮುಳ್ಳು ಎನ್ನದೆ ಅಳೆಯುವವರ ಹಿಂದೆ ತಿರುಗಿದೆ. ನನ್ನ ಕೈ ನಡುಗುವುದಿಲ್ಲ ಎಂದು ಯಾರೋ ಕಂಡುಕೊಂಡ ಮೇಲೆ ಕುಂಚ ಕೊಟ್ಟು ಒಳಗೆ ಕೂರಿಸಿದರು. ಆಗಿನ್ನೂ ಕಂಪ್ಯೂಟರ್ ಬಂದಿರಲಿಲ್ಲ. ಊರು ಮುಂದಿನ ಇಪ್ಪತ್ತು ವರ್ಷ ಎತ್ತ ಬೆಳೆಯಬೇಕು, ಎಲ್ಲಿ ಬೆಳೆಯಬಾರದು ಎನ್ನುವುದೆಲ್ಲ ಒಂದೇ ದೊಡ್ಡ ಹಾಳೆಯ ಮೇಲೆ ಬಣ್ಣದಲ್ಲಿ ಇರುತ್ತಿತ್ತು. ಮನೆಗಳಿಗೆ ಹಳದಿ, ಅಂಗಡಿಗಳಿಗೆ ಕೆಂಪು, ಕಾರ್ಖಾನೆಗೆ ನೇರಳೆ. ಹಸಿರು ಮಾತ್ರ ಎರಡು. ಕಡು ಹಸಿರು ಎಂದರೆ ಯಾರೂ ಎಂದೂ ಕಟ್ಟಬಾರದ ಬಯಲು. ತಿಳಿ ಹಸಿರು ಎಂದರೆ ಸದ್ಯಕ್ಕೆ ಖಾಲಿ, ಮುಂದೆ ಬೇಕಾದರೆ ಕಟ್ಟಬಹುದು.

ಊರಿನ ಪಶ್ಚಿಮಕ್ಕೆ ಒಂದು ತಗ್ಗು ಬಯಲಿತ್ತು. ಮಳೆಗಾಲದಲ್ಲಿ ಮೊಣಕಾಲುದ್ದ ನೀರು, ಬೇಸಿಗೆಯಲ್ಲಿ ಹುಲ್ಲು, ವರ್ಷವಿಡೀ ಹಕ್ಕಿಗಳು. ಅದರ ಅಂಚಿನಲ್ಲೇ ನನ್ನ ತಂಗಿಯ ಮನೆ. ಗಂಡ ತೀರಿಕೊಂಡ ಮೇಲೆ ಅವಳು ಹಿತ್ತಲಿನಲ್ಲಿ ಸಸಿ ಬೆಳೆಸಿ ಮಾರುತ್ತಿದ್ದಳು. ಅಷ್ಟೂ ಸಸಿಗಳಿಗೆ ಇದ್ದದ್ದು ಒಂದೇ ಬಾವಿ.

ಆ ವರ್ಷದ ಯೋಜನೆ ಮಾಡಿದವರು ಪ್ಲಾನಿಂಗ್ ಮೇಡಂ. ಬೇರೆಯವರು ಕುರ್ಚಿಯಲ್ಲಿ ಕೂತು ಗೆರೆ ಎಳೆದರೆ ಈ ತಾಯಿ ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿನಲ್ಲಿ ನಡೆದು ಎಳೆದರು. ತಂಗಿಯ ಬಾವಿ ಹಗ್ಗಕ್ಕೆ ಮೊಳಕ್ಕೊಂದರಂತೆ ಕೆಂಪು ದಾರ ಕಟ್ಟಿ, ತಿಂಗಳಿಗೊಮ್ಮೆ ಬಂದು ನೀರಿನ ಮಟ್ಟ ಬರೆದುಕೊಂಡರು.

"ನೋಡಮ್ಮ, ನಿನ್ನ ಬಾವಿಗೆ ನೀರು ಕೊಡ್ತಿರೋದು ಆ ಬಯಲು," ಎಂದರು ಒಂದು ದಿನ. "ಊರು ಬೆಳೀಲಿ, ಬೇಡ ಅಂದೋರು ಯಾರು? ಪೂರ್ವಕ್ಕೆ ಎತ್ತರದಲ್ಲಿ ಕಲ್ಲು ನೆಲ ಇದೆ, ಅಲ್ಲಿ ಬೆಳೀಲಿ. ಇದನ್ನ ಮುಚ್ಚಿದ್ರೆ ಮೂರು ಬೇಸಿಗೆ ತಡೆಯೋಲ್ಲ ನಿನ್ನ ಬಾವಿ."

"ನಮ್ಮಣ್ಣನೇ ಅಲ್ವಾ ಬಣ್ಣ ಹಾಕೋದು," ಎಂದಳು ತಂಗಿ. "ಒಂದಿಷ್ಟು ದಪ್ಪಗೆ ಹಚ್ಚು ಅಂತ ನಾನೇ ಹೇಳ್ತೀನಿ. ಮನೆ ಬಾಗಿಲಿಗೆ ಹಚ್ಚು ಅಂದ್ರೆ ಹತ್ತು ವರ್ಷದಿಂದ ನಾಳೆ ಅಂತಿದಾನೆ."

ಮೇಡಂ ಪೆನ್ಸಿಲಿನಲ್ಲಿ ಗೆರೆ ಎಳೆದು, ಯಾವ ಜಾಗಕ್ಕೆ ಯಾವ ಬಣ್ಣ ಎಂದು ಸಣ್ಣ ಗುರುತು ಹಾಕಿ ಹಾಳೆ ನನಗೆ ಒಪ್ಪಿಸಿದರು. ಅದೇ ವಾರ ಅವರಿಗೆ ದೂರದ ಊರಿಗೆ ವರ್ಗವಾಯಿತು.

ಇನ್ನೆರಡು ದಿನಕ್ಕೆ ನಕ್ಷೆ ಪ್ರತಿ ತೆಗೆಯಲು ಹೋಗಬೇಕಿತ್ತು. ಬಣ್ಣ ಬೇಕೆಂದು ಸ್ಟೋರಿಗೆ ಚೀಟಿ ಕಳಿಸಿದೆ, ವಾರವಾಗುತ್ತದೆ ಎಂದರು. ಸೀಸೆಯಲ್ಲಿ ಉಳಿದಿದ್ದಕ್ಕೆ ನೀರು ಬೆರೆಸಿ ತಗ್ಗು ಬಯಲಿಗೆ ತೆಳ್ಳಗೆ ಒಂದು ಕೋಟ್ ಹಚ್ಚಿದೆ. ಬಣ್ಣ ಬಂದ ಮೇಲೆ ಎರಡನೆಯದು ಹಚ್ಚುವುದೆಂದು ಲೆಕ್ಕ. ಹಿಂದೆಯೂ ಎಷ್ಟೋ ಸಲ ಹಾಗೆ ಮಾಡಿದ್ದೆ, ಪ್ರತಿ ತೆಗೆಯುವ ದಿನ ಪ್ರತಿಸಲವೂ ಮುಂದಕ್ಕೆ ಹೋಗುತ್ತಿತ್ತು. ಬಣ್ಣ ಒಣಗಿದ ಮೇಲೆ ರಬ್ಬರಿನಿಂದ ಪೆನ್ಸಿಲ್ ಗುರುತು ಅಳಿಸುವುದು ನಮ್ಮ ಪದ್ಧತಿ. ಅಳಿಸಿದೆ.

ಆ ಸಲ ದಿನ ಮುಂದಕ್ಕೆ ಹೋಗಲಿಲ್ಲ. ಬೆಳಿಗ್ಗೆ ನಾನು ಬರುವಷ್ಟರಲ್ಲಿ ಹಾಳೆ ಸುತ್ತಿ ಕೊಳವೆಗೆ ತುಂಬಿ ಕಳಿಸಿಯಾಗಿತ್ತು. ಯಾವ ಜಾಗಕ್ಕೆ ಯಾವ ಬಣ್ಣ ಎಂದು ಪಟ್ಟಿ ಬರೆಯುವ ಗುಮಾಸ್ತ ನಕ್ಷೆಯಲ್ಲಿ ಕಂಡದ್ದನ್ನೇ ಬರೆದ: ತಗ್ಗು ಬಯಲು, ತಿಳಿ ಹಸಿರು.

ಅದನ್ನು ಕಂಡ ದಿನವೇ ಹೆಡ್ ಡ್ರಾಫ್ಟ್ಸ್‌ಮನ್‌ಗೆ ಹೇಳಿದೆ. ಬೆನ್ನು ತುರಿಸಿಕೊಳ್ಳುವುದಕ್ಕೂ ಅಳತೆಪಟ್ಟಿಯನ್ನೇ ಹುಡುಕುವ ಮನುಷ್ಯನಾದ್ದರಿಂದ ಕಚೇರಿಯಲ್ಲಿ ಅವರಿಗೆ ಸ್ಕೇಲಣ್ಣ ಎಂದೇ ಹೆಸರು.

"ಅಚ್ಚಾಗಿ ಹೋಗಿದೆಯಲ್ಲಪ್ಪ," ಎಂದರು ಅವರು. "ಈಗ ಅದು ನಿನ್ನ ಬಣ್ಣ ಅಲ್ಲ, ಸರ್ಕಾರದ ಬಣ್ಣ. ಅರವತ್ತು ದಿನ ಟೈಮಿದೆ, ಯಾರಾದ್ರೂ ಆಕ್ಷೇಪಣೆ ಕೊಡಲಿ."

"ನಾನೇ ಕೊಡ್ಲಾ?"

"ಕಚೇರಿಯೋರು ಕೊಡೋ ಹಾಗಿಲ್ಲ. ನಮ್ಮ ತಟ್ಟೆಗೆ ನಾವೇ ಕಲ್ಲು ಹಾಕ್ಕೊಳ್ಳೋದಾ?"

ಮೇಡಂಗೆ ಕಾಗದ ಬರೆಸಿದೆ. ಉತ್ತರ ಬರಲಿಲ್ಲ. ತಲುಪಿತೋ ಇಲ್ಲವೋ. ಕೊನೆಗೆ ತಂಗಿಗೆ ಎಲ್ಲ ಹೇಳಿದೆ. ಅವಳು ಸಸಿಗಳಿಗೆ ನೀರು ಹಾಕುತ್ತಿದ್ದವಳು ತಂಬಿಗೆ ಕೆಳಗಿಟ್ಟು ಕೇಳಿದಳು:

"ಒಂದು ಕೋಟ್ ಕಮ್ಮಿ ಆಯ್ತು, ಅಷ್ಟೇನಾ?"

"ಅಷ್ಟೇ."

"ಸರಿ ಬಿಡು. ನಾನು ಅರ್ಜಿ ಕೊಡ್ತೀನಿ. ಬಣ್ಣ ಹಾಕಿದೋರನ್ನ ಕರೆಸಿ ಕೇಳಿ ಅಂತ ಬರೆಸ್ತೀನಿ. ನೀನು ಬಂದು ಇದ್ದದ್ದು ಇದ್ದ ಹಾಗೆ ಹೇಳ್ಬಿಡು. ಜನ್ಮದಲ್ಲಿ ಒಂದ್ಸಲ ಬಾಯಿ ಬಿಟ್ರೆ ನಿನ್ನ ಮುತ್ತೇನೂ ಉದುರೋಲ್ಲ."

ವಿಚಾರಣೆ ಸಭಾಂಗಣದಲ್ಲಿ ನಡೆಯಿತು. ಉದ್ದನೆಯ ಮೇಜು, ಅದಕ್ಕೆ ಹಸಿರು ಬಟ್ಟೆ, ಆಚೆ ಮೂವರು ಅಧಿಕಾರಿಗಳು. ಒಂದು ಫ್ಯಾನು ತಿರುಗುತ್ತಿತ್ತು, ಇನ್ನೊಂದು ಸುಮ್ಮನಿತ್ತು. ತಂಗಿ ಹೊಸ ಸೀರೆ ಉಟ್ಟು ಬಾವಿ ಹಗ್ಗವನ್ನು ಸುರುಳಿ ಸುತ್ತಿ ಚೀಲದಲ್ಲಿ ತಂದಿದ್ದಳು. ಹಗ್ಗ ಯಾಕೆ ಎಂದು ಬಾಗಿಲಲ್ಲಿ ಜವಾನ ಕೇಳಿದ್ದಕ್ಕೆ, "ನಿಮ್ಮ ಸಾಹೇಬ್ರನ್ನ ಕಟ್ಟೋಕಲ್ಲ, ಹೆದರಬೇಡ," ಎಂದಳಂತೆ.

ಅವಳು ನಿಂತು ಹೇಳಿದಳು. ಕೆಂಪು ದಾರಗಳನ್ನು ತೋರಿಸಿದಳು. ಮೂವರೂ ಬಗ್ಗಿ ನೋಡಿದರು. ಹಿರಿಯ ಅಧಿಕಾರಿ ಒಳ್ಳೆಯ ಮನುಷ್ಯನಂತೆಯೇ ಕಾಣುತ್ತಿದ್ದರು. ಬಣ್ಣ ಹಾಕಿದವನನ್ನು ಕರೆಯಿರಿ ಎಂದರು. ನಾನು ಹೋಗಿ ನಿಂತೆ.

"ಇದು ನೀನೇ ಹಾಕಿದ್ದಾ?"

"ಹೌದು ಸ್ವಾಮಿ."

"ಇದು ಯಾವ ಬಣ್ಣ?"

ಮೇಜಿನ ಮೇಲೆ ಹರಡಿದ್ದ ಮೂಲ ನಕ್ಷೆ ನೋಡಿದೆ. ನನ್ನ ಕುಂಚದ ಎಳೆ ಕೂಡ ಕಾಣುತ್ತಿತ್ತು.

"ತಿಳಿ ಹಸಿರು ಸ್ವಾಮಿ."

ಮೂವತ್ತೊಂದು ವರ್ಷದಲ್ಲಿ ಆ ಕಚೇರಿ ನನಗೆ ಕಲಿಸಿದ್ದು ಒಂದೇ: ಕೇಳಿದ್ದಕ್ಕೆ ಉತ್ತರ ಹೇಳು, ಕೇಳದ್ದನ್ನು ಹೇಳಬೇಡ. ಯಾಕೆ ತಿಳಿಯಾಯಿತು ಎಂದು ಮುಂದೆ ಕೇಳುತ್ತಾರೆ ಅಂದುಕೊಂಡೆ. ಉತ್ತರ ಬಾಯಲ್ಲೇ ಇತ್ತು. ರಾತ್ರಿಯೆಲ್ಲ ಜೋಡಿಸಿಟ್ಟಿದ್ದೆ. ಕೈ ಕಟ್ಟಿಕೊಂಡು ಕಾದೆ.

ಅವರು ಏನೋ ಬರೆದುಕೊಂಡರು. "ನೀನು ಹೋಗಬಹುದು," ಎಂದರು.

ನಾನು ಹೋದೆ.

ಹೊರಗೆ ಮೆಟ್ಟಿಲ ಮೇಲೆ ತಂಗಿ ಹಗ್ಗವನ್ನು ಚೀಲಕ್ಕೆ ತುಂಬುತ್ತಿದ್ದಳು. ಬಹಳ ಹೊತ್ತು ತುಂಬಿದಳು.

"ಬಣ್ಣ ಯಾವುದು ಅಂತ ಕೇಳಿದ್ರು," ಎಂದೆ.

"ಕೇಳಿಸ್ತು."

"ಆಮೇಲೆ ಯಾಕೆ ಅಂತ ಕೇಳ್ತಾರೆ ಅಂದ್ಕೊಂಡೆ."

"ಊಂ." ಚೀಲ ಹೆಗಲಿಗೆ ಹಾಕಿಕೊಂಡಳು. "ಊಟ ಮಾಡಿದ್ಯಾ ಅಣ್ಣ?"

"ಇಲ್ಲ."

"ಹೋಗಿ ಮಾಡು. ಹೊತ್ತಾಯ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ನಾನು ಹೋಗಿ ಊಟ ಮಾಡಿದೆ.

ಅರ್ಜಿ ವಜಾ ಆಯಿತು. ಹೊಸ ಸೀಸೆ ಆಮೇಲೆ ಬಂತು, ಒಂದಲ್ಲ ಆರು. ಎರಡನೇ ವರ್ಷ ತಗ್ಗು ಬಯಲಿನ ಬಡಾವಣೆಯ ನಕ್ಷೆ ನನ್ನ ಮೇಜಿಗೇ ಬಂತು. ಹಾಳೆಯೆಲ್ಲ ಹಳದಿ. ಮೂಲೆಯಲ್ಲಿ ಪಾರ್ಕು ಎಂದು ನನ್ನ ಕಿರುಬೆರಳಗಲದ ಒಂದು ಪಟ್ಟಿ. ಅದಕ್ಕೆ ಕಡು ಹಸಿರು ಹಚ್ಚಿದೆ, ಎರಡು ಕೋಟ್. ಸ್ಕೇಲಣ್ಣ ಬಂದು ಹಿಂದೆ ನಿಂತು, "ಚೆನ್ನಾಗಿ ಕೂತಿದೆ," ಎಂದರು.

ಲಾರಿಗಳು ಪೂರ್ವದ ಗುಡ್ಡದಿಂದ ಮಣ್ಣು ತಂದು ಬಯಲಿಗೆ ಸುರಿದವು. ನಾನು ಭಾನುವಾರ ತಂಗಿಯ ಮನೆಗೆ ಹೋಗುತ್ತಿದ್ದೆ. ಅವಳು ಮೊದಲಿನಂತೆಯೇ ಟೀ ಕೊಡುತ್ತಿದ್ದಳು, ನನ್ನ ಸೊಸೆಯ ಆರೋಗ್ಯ ಕೇಳುತ್ತಿದ್ದಳು. ನಾನು ಅವಳ ಬಾಗಿಲಿಗೆ ಬಣ್ಣ ಹಚ್ಚಿಕೊಟ್ಟೆ. ಬೇಡ ಎನ್ನಲಿಲ್ಲ, ಚೆನ್ನಾಗಿದೆ ಎಂದೂ ಹೇಳಲಿಲ್ಲ. ನೀರು ಸೇದುವಾಗ ನನ್ನ ಕಣ್ಣು ಹಗ್ಗದ ಮೇಲೇ. ಮೊದಲ ಬೇಸಿಗೆಯಲ್ಲಿ ನೀರು ಒಂಬತ್ತನೇ ದಾರದವರೆಗೆ ಇಳಿಯಿತು. ಎರಡನೆಯದರಲ್ಲಿ ಹದಿನೈದು. ಮೂರನೇ ಬೇಸಿಗೆಯಲ್ಲಿ ದಾರಗಳೆಲ್ಲ ಮುಗಿದು, ಹಗ್ಗಕ್ಕೆ ಹಗ್ಗ ಗಂಟು ಹಾಕಿ ಬಿಟ್ಟರೂ ಕೊಡ ಕಲ್ಲಿಗೆ ತಗುಲಿದ ಸದ್ದು ಬಂತು. ಮೇಡಂ ಹೇಳಿದ ಲೆಕ್ಕ ತಪ್ಪಿರಲಿಲ್ಲ.

ಉಳಿದ ಸಸಿಗಳನ್ನು ಅವಳು ಬಡಾವಣೆಯವರಿಗೇ ಮಾರಿದಳು, ಹೊಸ ಮನೆಗಳ ಮುಂದೆ ನೆಡಲು. ತನ್ನ ಮಗಳ ಊರಿಗೆ ಹೋಗುವುದೆಂದು ತೀರ್ಮಾನಿಸಿದಳು. ಸಾಮಾನು ಕಟ್ಟಲು ನಾನು ಹೋಗಿದ್ದೆ.

"ಹಗ್ಗ ಬೇಕಾ ಅಣ್ಣ?" ಎಂದಳು. "ಸರಪಳಿ ಎಳೆದೋನು ನೀನು, ಏನಕ್ಕಾದ್ರೂ ಆಗುತ್ತೆ."

ಮನೆಗೆ ತಂದಿಟ್ಟೆ. ನನ್ನ ಕೋಣೆಯ ಗೂಟದಲ್ಲಿದೆ. ದಾರಗಳ ಬಣ್ಣ ಈಗ ಹೋಗಿದೆ.

ಬಸ್ಸು ಬೆಳಿಗ್ಗೆ ಹತ್ತೂಕಾಲಿಗೆ ಹೊರಟಿತು. ತಂಗಿ ಕಿಟಕಿಯ ಪಕ್ಕ ಕೂತಿದ್ದಳು. ಅವಳು ಹೋದದ್ದು ಮಂಗಳವಾರ. ಕಚೇರಿಗೆ ಅರ್ಧ ದಿನ ರಜೆ ಹಾಕಿದ್ದೆ.