ಉಗುರು ತಡೆದರೆ ಕೆಮ್ಮು

ಅಡುಗೆಮನೆಯ ಗ್ರಾನೈಟ್ ಕಟ್ಟೆ ಎಂದಮೇಲೆ ಎಲ್ಲೋ ಒಂದು ಕಡೆ ಜಾಯಿಂಟು ಬರಲೇಬೇಕು. ಮೂಲೆ ತಿರುಗುವ ಕಟ್ಟೆಗೆ ಒಂದೇ ಕಲ್ಲು ತರಲು ಬೆಟ್ಟವೇನು ಮೇಸ್ತ್ರಿಯ ಮಾವನ ಮನೆಯದೇ? ಆದರೆ ನಮ್ಮ ಈ ಮೇಸ್ತ್ರಿ ಕೂಡಿಸಿದ ಜಾಯಿಂಟನ್ನು ಮನೆಯೊಡತಿಯೂ ಹುಡುಕಿಯೇ ಕಾಣಬೇಕಿತ್ತು. ಅದೇ ಕಲ್ಲಿನ ಪುಡಿಯನ್ನು ಅಂಟಿಗೆ ಕಲಸಿ ಸಂದು ತುಂಬುವನು. ಒಣಗಿದ ಮೇಲೆ ಉಜ್ಜಿ, ಕಣ್ಣು ಮುಚ್ಚಿ, ತೋರುಬೆರಳ ಉಗುರನ್ನು ಅಡ್ಡಕ್ಕೆ ಎಳೆಯುವನು. ಕೂದಲೆಳೆಯಷ್ಟು ತಡೆದರೂ ಮತ್ತೆ ಉಜ್ಜು. 'ಕಣ್ಣಿಗೆ ಮಣ್ಣೆರಚಬಹುದು ಕಣಪ್ಪಾ, ಉಗುರಿಗೆ ಆಗಲ್ಲ' ಎನ್ನುವುದು ಅವನ ವೇದವಾಕ್ಯ.

ಆ ಬೆರಳುಗಳೇ ಸತ್ತುಹೋದವು. ಇಪ್ಪತ್ತಾರು ವರ್ಷ ಕಲ್ಲುಜ್ಜುವ, ಗಡಗಡ ನಡುಗುವ ಯಂತ್ರ ಹಿಡಿದರೆ ಇನ್ನೇನಾದೀತು? ಮೊದಲು ಜೋಮು ಹಿಡಿದಂತಾಯಿತು, ಆಮೇಲೆ ಜೋಮೂ ಇಲ್ಲ. ಯಾರಿಗೂ ಹೇಳಲಿಲ್ಲ, ಮಹಾರಾಯ. ಹೆಂಡತಿಗೆ ಗೊತ್ತಾದದ್ದು, ಕುದಿಯುವ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, 'ಇದನ್ನ ಎಲ್ಲಿಡ್ಲಿ?' ಎಂದು ಅವನು ನಿಧಾನವಾಗಿ ಕೇಳುತ್ತ ನಿಂತಾಗ.

ಅವಳು ಅಳಲಿಲ್ಲ. ಮರುದಿನ ಬಟ್ಟೆ, ಬಕೆಟ್ಟು ಹಿಡಿದು ಅವನ ಜೊತೆ ಹೊರಟಳು.

"ನೀನ್ಯಾಕೆ?"

"ಕಟ್ಟೆ ಒರೆಸೋಕೆ. ಒರೆಸ್ತಾ ಉಗುರು ಎಳೀತೀನಿ. ತಡೆದ್ರೆ ಕೆಮ್ತೀನಿ, ಇಲ್ಲಾಂದ್ರೆ ಬಟ್ಟೆ ಕೊಡವ್ತೀನಿ. ಯಾರಿಗೆ ಗೊತ್ತಾಗುತ್ತೆ?"

ಆರು ತಿಂಗಳು ಹೀಗೇ ನಡೆಯಿತು. ಅವನಿಗೆ ನಾಚಿಕೆಯೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ. ಬೆರಳಿನ ಜೋಮು ಎದೆಗೂ ಏರಿತ್ತೋ ಏನೋ. ಊಟ ಮಾಡುವನು, ಮಲಗುವನು, ಅವಳು ಕೆಮ್ಮಿದರೆ ಉಜ್ಜುವನು.

ನಡುವೆ ಒಂದೇ ಒಂದು ಕೆಲಸ ಕೆಟ್ಟಿತು. ಅವಳು ತಂಗಿಯ ಹೆರಿಗೆಗೆಂದು ಹೋಗಿದ್ದಾಗ ಟೀಚರಮ್ಮನ ಮನೆಯ ಕಟ್ಟೆಯನ್ನು ಅವನೊಬ್ಬನೇ ಮುಗಿಸಿದ್ದ. ತಿಂಗಳೊಪ್ಪತ್ತಿನಲ್ಲಿ ಫೋನು ಬಂತು.

"ಮೇಸ್ತ್ರಿ, ಒಲೆ ಪಕ್ಕದ ಜಾಯಿಂಟು ಎದ್ದು ಕಾಣ್ತಿದೆ. ಒರೆಸೋ ಬಟ್ಟೆ ಸಿಕ್ಕಾಕೊಳ್ಳುತ್ತೆ. ಬಂದು ಸರಿ ಮಾಡಿ, ಇಲ್ಲಾಂದ್ರೆ ಬೇರೆಯವರನ್ನ ಕರೀತೀನಿ."

ಬೇರೆಯವನು ಬಂದರೆ ಉಗುರು ಎಳೆಯುತ್ತಾನೆ, ನಗುತ್ತಾನೆ, ಊರಿಗೆಲ್ಲ ಡಂಗುರ ಸಾರುತ್ತಾನೆ. ಆಮೇಲೆ ಈ ಮೇಸ್ತ್ರಿಯನ್ನು ಯಾರು ಕರೆದಾರು?

ಗಂಡ ಹೆಂಡತಿ ಇಬ್ಬರೂ ಹೋದರು. ಹಳೆಯ ಅಂಟನ್ನು ಕೆತ್ತಿ ತೆಗೆದು, ಹೊಸದು ತುಂಬಿ, ಒಣಗಲು ಬಿಟ್ಟದ್ದಾಯಿತು. ನೀರು ಹಾಯಿಸಿ ಉಜ್ಜಿದರೆ ಕೆಳಗಿನ ಮರದ ಕಪಾಟು ಹಾಳಾಗುತ್ತದೆಂದು ಟೀಚರಮ್ಮ ಹಟ ಹಿಡಿದರು. ಸರಿ, ನೀರಿಲ್ಲದೆಯೇ ಯಂತ್ರ ಓಡಿಸಿದ. ಅಡುಗೆಮನೆ ತುಂಬ ಬಿಳಿ ಧೂಳು.

ಹೆಂಡತಿ ಒರೆಸಿದಳು. ಕೆಮ್ಮಿದಳು.

ಉಜ್ಜಿದ. ಒರೆಸಿದಳು, ಬಟ್ಟೆ ಕೊಡವಲು ಕೈಯೆತ್ತಿದವಳು ಮತ್ತೆ ಕೆಮ್ಮಿದಳು. ಯಂತ್ರಕ್ಕೆ ಇನ್ನೂ ಒರಟಾದ ಉಜ್ಜುಬಿಲ್ಲೆ ಹಾಕಿ ಇನ್ನಷ್ಟು ಒತ್ತಿದ. ಈ ಸಲ ಒರೆಸುವ ಮೊದಲೇ ಕೆಮ್ಮು, ಒಂದರ ಹಿಂದೆ ಒಂದು. ಅಯ್ಯೋ, ಇವಳಿಗೆ ಇವತ್ತು ಅದೇನು ತಡೆಯುತ್ತಿದೆ! ತಲೆಯೆತ್ತದೆ ಉಜ್ಜಿಯೇ ಉಜ್ಜಿದ.

"ಸಾಕು ನಿಲ್ಸ್ರೀ!" ಅವಳು ಬಟ್ಟೆಯನ್ನು ನೆಲಕ್ಕೆ ಬಿಸಾಡಿದಳು. "ಜಾಯಿಂಟು ಆಗ್ಲೇ ಸರಿಹೋಗಿತ್ತು. ಇದು ನಿಜವಾದ ಕೆಮ್ಮು!"

ಯಂತ್ರ ನಿಂತಿತು. ಬಾಗಿಲಲ್ಲಿ ಟೀಚರಮ್ಮ, ಕೈಯಲ್ಲಿ ನೀರಿನ ಲೋಟ. ಲೋಟವನ್ನು ಅವಳಿಗೆ ಕೊಟ್ಟು, ಅವರು ಕಟ್ಟೆಯ ಮೇಲೆ ಕೈಯಾಡಿಸಿದರು. ಸಂದು ಎಲ್ಲೂ ಇರಲಿಲ್ಲ. ಅದಿದ್ದ ಜಾಗದಲ್ಲಿ ಅಂಗೈಯಗಲದ ತಗ್ಗು ಬಿದ್ದು ಕಲ್ಲು ಮಂಕಾಗಿತ್ತು.

"ನಿಜವಾದ ಕೆಮ್ಮು ಅಂದ್ರೆ? ಸುಳ್ಳು ಕೆಮ್ಮು ಬೇರೆ ಇದೆಯಾ?"

ಹೆಂಡತಿ ಬಾಯಿ ತೆರೆದಳು. ಮೇಸ್ತ್ರಿಯೇ ಮೊದಲು ಮಾತಾಡಿದ. "ನನ್ನ ಬೆರಳಿಗೆ ಏನೂ ಗೊತ್ತಾಗಲ್ಲ ಟೀಚರಮ್ಮ. ಆರು ತಿಂಗಳಿಂದ ಇವಳ ಉಗುರಲ್ಲೇ ಕೆಲಸ ಮಾಡ್ತಿದೀನಿ. ಈ ಕಲ್ಲು ತೆಗೆಸಿ ಹೊಸದು ಹಾಕಿಸಿಕೊಡ್ತೀನಿ. ಬೇರೆ ಮೇಸ್ತ್ರಿ ಕೈಲಿ."

ದನಿ ನಡುಗಲಿಲ್ಲ. ಪಕ್ಕದ ಮನೆಯವನ ಸುದ್ದಿ ಹೇಳಿದಂತೆ ಹೇಳಿದ.

ಟೀಚರಮ್ಮ ಅವನ ಕೈಗಳನ್ನೇ ನೋಡಿದರು. "ಮೊದ್ಲು ಆಕೆನ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಕಲ್ಲು ಎಲ್ಲಿಗೂ ಓಡಿಹೋಗಲ್ಲ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳು, ಇತ್ತ ಇವನು, ಕಾಲ ಬಳಿ ಯಂತ್ರದ ಚೀಲ. ಇಪ್ಪತ್ತಾರು ವರ್ಷದ ಹೆಸರು ಮಣ್ಣುಪಾಲಾಯಿತು, ಇನ್ನಾದರೂ ದುಃಖ ಬಂದೀತು ಎಂದು ಮೇಸ್ತ್ರಿ ಕಾದ. ಬರಲಿಲ್ಲ. ಮೂರು ಸ್ಟಾಪು ದಾಟಿದ ಮೇಲೆ ಸುಮ್ಮನೆ ಕೆಳಗೆ ನೋಡಿದರೆ, ಅವನ ಬಲಗೈ ಅವಳ ಎರಡೂ ಕೈಗಳ ನಡುವೆ ಇತ್ತು.

"ಯಾವಾಗ ಹಿಡ್ಕೊಂಡೆ?"

"ಟೀಚರಮ್ಮನ ಗೇಟು ದಾಟಿದಾಗಿಂದ."

"ನಂಗೆ ಗೊತ್ತೇ ಆಗ್ಲಿಲ್ಲ ಕಣೇ."

ಅವಳು ಏನೋ ಹೇಳಲು ಹೋಗಿ ಕೆಮ್ಮಿದಳು. ಅವಳು ಕೆಮ್ಮಿದಾಗ ಕಟ್ಟೆಯನ್ನಷ್ಟೇ ನೋಡಿ ರೂಢಿಯಾಗಿದ್ದವನು ಈಗ ಅವಳ ಮುಖ ನೋಡಿದ. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಎಷ್ಟು ದಿನದಿಂದ ಈ ಕೆಮ್ಮು?"

"ಎರಡು ತಿಂಗಳಾಯ್ತು. ಕೆಲಸದ ಜಾಗದಲ್ಲಿ ತಡ್ಕೋತಿದ್ದೆ. ನೀವು ಜಾಯಿಂಟು ಅನ್ಕೊಂಡುಬಿಡ್ತೀರಾ ಅಂತ. ಇವತ್ತು ಆಗ್ಲಿಲ್ಲ."

ಅವನಿಗೆ ಹೆದರಿಕೆಯಾಯಿತು. ಆರು ತಿಂಗಳಲ್ಲಿ ಎದೆಗೆ ತಟ್ಟಿದ್ದು ಅದೊಂದೇ. ಅವಳ ಕೈಯನ್ನು ಬಿಗಿಯಾಗಿ ಹಿಡಿದ. ಎಷ್ಟು ಬಿಗಿಯೋ ಅವನಿಗೇ ಗೊತ್ತಾಗಲಿಲ್ಲ.

"ನೋಯ್ತಿದೆಯಾ?" ಎಂದು ಕೇಳಿದ.

ನೋಯುತ್ತಿತ್ತು. "ಇಲ್ಲ" ಎಂದಳು.